ಲಂಟಾನ ಕುರ್ಚಿ: ಎರಡು ಮಳೆಗಾಲ ಕೂತು ನೋಡಿದ್ಮೇಲೆ ಬರೀತಿದೀನಿ

2024ರಲ್ಲಿ ಲಾಲ್‌ಬಾಗಲ್ಲಿ ಲಂಟಾನ (ಕಾಡು, ಹೊಲದ ಬದಿ ಎಲ್ಲಾ ಆವರಿಸ್ಕೊಳ್ಳೋ ಕಳೆ ಪೊದೆ) ಕಡ್ಡೀಲಿ ಮಾಡಿದ ಆನೆಗಳನ್ನ ನಿಲ್ಸಿದ್ರಲ್ಲ, ಅದನ್ನ ನೋಡ್ಕೊಂಡು ಬಂದಾಗಿಂದ ನಮ್ಮನೆಯವ್ರಿಗೆ ಅದೇ ಕಡ್ಡಿದು ಕುರ್ಚಿ ಬೇಕು ಅಂತ ಹಠ. ಒಂದು ಮೇಳದಲ್ಲಿ ಎರಡು ಕುರ್ಚಿ, ಒಂದು ಟೀಪಾಯಿ ತಗೊಂಡ್ವಿ.

ಕುರ್ಚಿ ಗಟ್ಟಿ ಇದೆ, 90 ಕೆಜಿ ಆಸಾಮಿ ನಾನು, ದಿನಾ ಕೂರ್ತೀನಿ. ದೂರದಿಂದ ಬೆತ್ತ ಅನ್ಸುತ್ತೆ, ಹತ್ರ ಬಂದ್ರೆ ಗೆಣ್ಣು ಸೊಟ್ಟ ಎಲ್ಲಾ ಕಾಣುತ್ತೆ, ನಂಗೆ ಅದೇ ಇಷ್ಟ. ಕಡ್ಡಿನ ಗಂಟೆಗಟ್ಲೆ ನೀರಲ್ಲಿ ಬೇಯ್ಸಿ, ಸಿಪ್ಪೆ ಸುಲ್ದು, ಮೆತ್ತಗಿರೋವಾಗ್ಲೇ ಬಗ್ಗಿಸ್ತಾರೆ. ಗೆದ್ದಲು ಇನ್ನೂ ಹಿಡಿದಿಲ್ಲ. ಟೀಪಾಯಿಗೆ ಮಾತ್ರ ಒಂದು ಕಾಲು ಗಿಡ್ಡ, ಮಾರಿದವ್ರಿಗೆ ಫೋನ್ ಮಾಡಿ ಮಾಡಿ ಸಾಕಾಗಿ ಸೈಕಲ್ ಟ್ಯೂಬ್ ತುಂಡು ಸಿಗ್ಸಿದೀನಿ.

ಇನ್ನು ಕುರ್ಚಿಗೆ ಕಟ್ಟಿದ್ದ ಟ್ಯಾಗು. ಕುರ್ಚಿ ಕೊಂಡ್ರೆ ಕಾಡು ಉಳಿಯುತ್ತೆ ಅನ್ನೋ ತರ ಬರ್ದಿದ್ರು. ನಮ್ಮಪ್ಪ ಓದಿ ನಕ್ಕುಬಿಟ್ರು. ಗುಂಡ್ಲುಪೇಟೆ ಕಡೆ ಹೊಲದ ಬದೀಲಿ ಲಂಟಾನ ಕಡ್ದು ಕಡ್ದು ಕೈ ಸವೆಸ್ಕೊಂಡೋರು ಅವ್ರು. "ಮೇಲೆ ಕಡುದ್ರೆ ಅದ್ಕೆ ಚೌರ ಮಾಡ್ದಂಗೆ ಕಣ್ ಮಗ, ಇನ್ನೂ ಜೋರಾಗ್ ಚಿಗುರ್ತದೆ." ನಿಜಾನೇ. ಹೋಗ್ಬೇಕು ಅಂದ್ರೆ ಮಣ್ಣಿಂದ ಒಂದೆರಡು ಇಂಚು ಕೆಳಗೆ ತಾಯಿಬೇರು ಕಡ್ದು ಇಡೀ ಪೊದೆನ ತಲೆಕೆಳಗೆ ಹಾಕಿ ಒಣಗಿಸ್ಬೇಕು, ಆಮೇಲೂ ಹಕ್ಕಿಗಳು ಹಣ್ಣು ತಿಂದು ಉದುರ್ಸಿರೋ ಬೀಜ ಮಳೆ ಬಿದ್ದ ತಕ್ಷಣ ಹುಟ್ಟುತ್ತೆ, ಆ ಸಸಿಗಳನ್ನ ವರ್ಷ ವರ್ಷ ಕೀಳ್ತಾನೇ ಇರ್ಬೇಕು, ಅಲ್ಲಿ ನಮ್ಮ ಹುಲ್ಲು ಎಬ್ಬಿಸ್ಲಿಲ್ಲ ಅಂದ್ರೆ ಖಾಲಿ ಜಾಗ ನೋಡಿ ಕಮ್ಯುನಿಸ್ಟ್ ಗಿಡ ಅನ್ನೋ ಇನ್ನೊಂದು ಕಳೆ ಬಂದು ಕೂತ್ಕೊಳ್ಳುತ್ತೆ. ಕುರ್ಚಿಗೆ ಬೇಕಾಗೋದು ನೆಟ್ಟಗಿರೋ ನಾಲ್ಕು ಕಡ್ಡಿ. ಬುಡ ಅಲ್ಲೇ ಇರುತ್ತೆ.

ಹಂಗಂತ ದುಡ್ಡು ದಂಡ ಆಯ್ತು ಅಂತಿಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರಿಗೆ ಬಿದಿರು ಬದ್ಲು ಇದ್ರಲ್ಲೇ ಕೂಲಿ ಹುಟ್ಟೋ ಹಂಗೆ ಏಟ್ರೀ ಅನ್ನೋ ಪರಿಸರ ಸಂಶೋಧನಾ ಸಂಸ್ಥೆಯವ್ರು ಕಲ್ಸಿದ್ರು, ಆ ಕೈಕೆಲ್ಸಕ್ಕೆ ಕೊಟ್ಟ ದುಡ್ಡು ಅಂತ ತಿಳ್ಕೊಂಡ್ರೆ ಸರಿ. ಅತ್ಲಾಗೆ ಬಿಳಿಗಿರಿರಂಗನ ಬೆಟ್ಟದ ಹಿರೀಕರು ಹೇಳೋದೇ ಬೇರೆ, ಮುಂಚೆ ತಾವು ಕಾಡಲ್ಲಿ ಹಾಕ್ತಿದ್ದ ತರಗು ಬೆಂಕಿನ (ಒಣಗಿದ ಎಲೆ ಸುಡೋ ಸಣ್ಣ ಬೆಂಕಿ) ನಿಲ್ಸಿದ ಮೇಲೇನೇ ಲಂಟಾನ ಈ ಪಾಟಿ ಏರ್ಕೊಂಡಿದ್ದು ಅಂತ. ಟ್ಯಾಗಲ್ಲಿ ಅದನ್ನ ಯಾರು ಬರೀತಾರೆ ಹೇಳಿ.

ಕುರ್ಚಿಗೆ 5ಕ್ಕೆ 4. ಟೀಪಾಯಿ ತಗೊಳ್ಳೋರು ಸಮ ನೆಲದ ಮೇಲಿಟ್ಟು ಅಲ್ಲಾಡ್ಸಿ ನೋಡಿ ಆಮೇಲೆ ದುಡ್ಡು ಕೊಡಿ.