ಹಳೇ ಚಿರೆಕಲ್ಲು ಮನೆಗೆ ಥರ್ಮಾಕೋಲ್ ಹೊದೆಸುವ ಮೊದಲು ಇದನ್ನು ಓದಿ

ಕುಮಟಾ, ಅಂಕೋಲಾ, ಕಾರವಾರ ಕಡೆ ಹಳೇ ಚಿರೆಕಲ್ಲು (ಜಂಬಿಟ್ಟಿಗೆ) ಮನೆ ಇರುವವರಿಗೆ ಒಂದು ಮಾತು. "ಗೋಡೆಗೆ ಇನ್ಸುಲೇಷನ್ ಮಾಡಿಸಿ, ಮನೆ ತಂಪಾಗ್ತದೆ" ಎಂದು ಯಾರಾದರೂ ಬಂದರೆ ಚಾ ಕೊಟ್ಟು ಕಳಿಸಿ. ನಾನು ಚಾದ ಜೊತೆ 1 ಲಕ್ಷದ 40 ಸಾವಿರ ರೂಪಾಯಿಯನ್ನೂ ಕೊಟ್ಟೆ.

ಶುರುವಾದದ್ದು ಭಾವನಿಂದ. ಅವರು ಇರುವುದು ಮ್ಯಾಂಚೆಸ್ಟರ್‌ನಲ್ಲಿ. ಅಲ್ಲಿ ಎಷ್ಟೋ ಮನೆಗಳಿಗೆ ಜೋಡಿ ಗೋಡೆ. ಹೊರಗೊಂದು, ಒಳಗೊಂದು, ನಡುವೆ ಎರಡು ಇಂಚಿನಷ್ಟು ಸಂದು. ಆ ಸಂದಿಗೆ ಉಣ್ಣೆಯಂಥದ್ದನ್ನೋ ಥರ್ಮಾಕೋಲ್ ಮಣಿಯನ್ನೋ ತುಂಬಿದರೆ ಹೀಟರಿನ ಬಿಸಿ ಒಳಗೇ ಉಳಿಯುತ್ತದೆ, ಗ್ಯಾಸ್ ಬಿಲ್ ಇಳಿಯುತ್ತದೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದರು. ಅದು 2022ರ ಏಪ್ರಿಲ್. ನಾನು ಇಲ್ಲಿ ಬನಿಯನ್ ಹಿಂಡುತ್ತಾ ಕೂತಿದ್ದೆ. ತಲೆಗೆ ಹತ್ತಿಬಿಟ್ಟಿತು.

ನಮ್ಮ ಒಂಟಿ ಗೋಡೆಯಲ್ಲಿ ಸಂದೆಲ್ಲಿ? ಅದಕ್ಕೂ ಕಂಟ್ರಾಕ್ಟರ್ ಹತ್ತಿರ ಉಪಾಯ ಇತ್ತು. ಒಳಗಡೆ ಥರ್ಮಾಕೋಲ್ ಶೀಟ್, ಅದರ ಮೇಲೆ ಜಿಪ್ಸಂ ಬೋರ್ಡ್, ಹೊರಗೆ ವಾಟರ್‌ಪ್ರೂಫ್ ಪೇಂಟ್. ನಮ್ಮ ಹಳೇ ಮೇಸ್ತ್ರಿ ಬೇಲಿ ಆಚೆಯಿಂದಲೇ ಹೇಳಿದ್ದರು: "ಹೆಗಡೇರೇ, ಚಿರೆಕಲ್ಲು ಮಳೆಗಾಲದಲ್ಲಿ ನೀರು ಕುಡೀತದೆ, ಬೇಸಿಗೇಲಿ ಬಿಡ್ತದೆ. ಎರಡೂ ಬದಿ ಬಾಯಿ ಮುಚ್ಚಿದ್ರೆ ಎಲ್ಲಿಗೆ ಬಿಡೂದು?" ಇವರಿಗೆ ಹೊಸದು ಅಂದ್ರೆ ಆಗುವುದಿಲ್ಲ ಅಂದುಕೊಂಡೆ.

ಮೊದಲ ಮಳೆಗಾಲ ಹೇಗೋ ಕಳೆಯಿತು, ಒದ್ದೆ ಗೋಣಿಚೀಲದ ವಾಸನೆ ಬಿಟ್ಟರೆ. ಎರಡನೇ ವರ್ಷ ಆಗಸ್ಟ್‌ನಲ್ಲಿ ಆಯಿ ಗೋಡೆ ಕಪಾಟಿನಿಂದ ಪಟ್ಟೆ ಸೀರೆ ತೆಗೆದರೆ ಮಡಿಕೆ ಮಡಿಕೆಗೂ ಕರೀ ಬೂಸ್ಟಿನ ಚುಕ್ಕೆ. ಸಮುದ್ರದ ಬದಿಯ ಗೋಡೆಗೆ ಹೆಬ್ಬೆರಳು ಒತ್ತಿ ನೋಡಿದೆ. ಬೋರ್ಡು ನೆನೆದ ಅವಲಕ್ಕಿ ಹಾಗೆ ಒಳಗೆ ಹೋಯಿತು. ಕೀಳಿಸಿದಾಗ ಇನ್ನೂ ಚೆಂದ. ಥರ್ಮಾಕೋಲ್ ತುಂಬಾ ಒರಲೆಯ ಮಣ್ಣಿನ ದಾರಿ. ಒರಲೆ ಅದನ್ನು ತಿಂದು ಬದುಕುವುದಿಲ್ಲ, ಆದರೆ ಕೊರೆದುಕೊಂಡು ಹೋಗಲು ಅಷ್ಟು ಮೆತ್ತಗಿನ ಜಾಗ ಬೇರೆ ಸಿಗುತ್ತದಾ? ಬಿಳಿ ಮಣಿ ಸಾಬುದಾಣಿ ಥರ ನೆಲದ ಮೇಲೆ ಉದುರುತ್ತಿತ್ತು. ಕಿಟಕಿಯ ಹಲಸಿನ ಚೌಕಟ್ಟೂ ಅರ್ಧ ಟೊಳ್ಳು. ಆಯಿ ಏನೂ ಹೇಳಲಿಲ್ಲ. ಬೈದಿದ್ದರೇ ಚಲೋ ಇತ್ತು.

ಭಾವ ರಜೆಗೆ ಬಂದಾಗ ಕೂರಿಸಿ ಕೇಳಿದೆ. ಹೊರಗೋಡೆ ಕುಡಿದ ನೀರು ಒಳಗೋಡೆಗೆ ದಾಟಬಾರದು ಅಂತಲೇ ಅಲ್ಲಿ ಆ ಸಂದು ಬಿಡುತ್ತಿದ್ದದ್ದಂತೆ. ಗಾಳಿಮಳೆಯ ಹೊಡೆತ ನೋಡಿ ದೇಶವನ್ನೇ 4 ವಲಯ ಮಾಡಿದ್ದಾರೆ. ಹೊಡೆತ ಜಾಸ್ತಿ ಇರುವ ಕಡೆ ಗೋಡೆ ಒದ್ದೆಯಾಗಿ, ತುಂಬಿದ್ದನ್ನು ಮತ್ತೆ ಹೀರಿ ತೆಗೆಸಿದವರೂ ಇದ್ದಾರೆ. ಇದನ್ನು ಮೊದಲೇ ಹೇಳಬಾರದಿತ್ತಾ ಭಾವ! ಮ್ಯಾಂಚೆಸ್ಟರ್‌ನಲ್ಲಿ ವರ್ಷವಿಡೀ ಬೀಳುವುದು 800-900 ಮಿ.ಮೀ. ಮಳೆ. ನಮ್ಮ ಕರಾವಳಿಯಲ್ಲಿ ಜುಲೈ ಒಂದೇ ತಿಂಗಳು ಅಷ್ಟು ಸುರಿಯುತ್ತದೆ, ಅದೂ ಅಡ್ಡಡ್ಡ.

ಸೆಕೆಯಾದರೂ ಇಳಿಯಿತಾ ಅಂದರೆ, ಇಲ್ಲ. ಏಪ್ರಿಲ್ ಕೊನೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಬಿಸಿ ಇಳಿಯುವುದು ಹೆಂಚಿನ ಮಾಡಿನಿಂದ. ಇದನ್ನು ತಿಳಿಯಲು ಲಕ್ಷ ಬೇಡ. ಮಧ್ಯಾಹ್ನ 2 ಗಂಟೆಗೆ ಒಳಗಿನಿಂದ ಗೋಡೆಗೊಮ್ಮೆ, ಏಣಿ ಹತ್ತಿ ಹೆಂಚಿಗೊಮ್ಮೆ ಕೈ ಇಟ್ಟು ನೋಡಿ ಸಾಕು. ಉಳಿದದ್ದು ಬೆವರು. ಅದು ಆರಲು ಗಾಳಿ ಬೇಕು, ಥರ್ಮಾಕೋಲ್ ಅಲ್ಲ.

ಎಲ್ಲಾ ಕಿತ್ತು, ಪೇಂಟ್ ಕೆರೆಸಿ, ಗೋಡೆಯನ್ನು ಒಂದು ಪೂರ್ತಿ ಬೇಸಿಗೆ ಬರಿಮೈಯಲ್ಲಿ ಬಿಟ್ಟೆವು. ಆಮೇಲೆ ಸುಣ್ಣದ ಗಾರೆ, ಸಿಮೆಂಟ್ ಅಲ್ಲ. ಮಾಡಿದ್ದು ಅದೇ ಮೇಸ್ತ್ರಿ. ಕರೆಯಲು ಹೋದಾಗ ಅವರ ಮುಖ ನೋಡಲು ಆಗಲಿಲ್ಲ. ಸಮುದ್ರದ ಬದಿ ಮಾಡನ್ನು 3 ಅಡಿ ಮುಂದೆ ಇಳಿಸಿದ್ದೇವೆ. ಜೂನ್ ಬರುವ ಮೊದಲು ಅಜ್ಜನ ಕಾಲದ ಹಾಗೆ ಮಡಲಿನ ತಟ್ಟಿ ಕಟ್ಟುತ್ತೇವೆ. ಹೆಂಚಿನ ಕೆಳಗೆ ಹಲಗೆ ಹೊಡೆಸಿ, ನಡುವೆ ಗಾಳಿ ಆಡಲು ಎರಡೂ ಕಡೆ ಜಾಗ ಬಿಟ್ಟಿದ್ದೇವೆ. ಈಗ ಮಧ್ಯಾಹ್ನ ಒಂದು ನಿದ್ದೆ ಬರುತ್ತದೆ.

ಒರಲೆ ಮುಟ್ಟದ ಹನ್ನೆರಡು ಶೀಟು ಕೊಟ್ಟಿಗೆ ಅಟ್ಟದಲ್ಲಿ ಸುಮ್ನೆ ಬಿದ್ದಿವೆ. ಚೌತಿಗೆ ಮಂಟಪ ಮಾಡುವವರಿದ್ದರೆ ಬಂದು ಒಯ್ಯಿರಿ.