ಸ್ಲಿಂಗ್ ಮೊದಲು, ಪ್ರಾಮ್ ಆಮೇಲೆ: ಎರಡನ್ನೂ ದುಡಿಸಿದ ಮೇಲೆ ಬರೆದ ವಿಮರ್ಶೆ

ಹುಟ್ಟಿದ ಮಗುವಿಗೆ ಸ್ಲಿಂಗ್ (ಮಗುವನ್ನು ಮೈಗೆ ಕಟ್ಟಿಕೊಳ್ಳುವ ಬಟ್ಟೆ) ತರಲೋ ಪ್ರಾಮ್ (ಮಗುವನ್ನು ಮಲಗಿಸಿ ತಳ್ಳುವ ಗಾಡಿ) ತರಲೋ ಅಂತ ಕೇಳುವವರಿಗೆ ನಾನು ವಾಪಸ್ ಕೇಳುವುದು ಎರಡೇ ಪ್ರಶ್ನೆ. ನಿಮ್ಮ ಮನೆ ಬಾಗಿಲಿಂದ ಮೇನ್ ರೋಡ್ ತನಕ ನೆಲ ಹೇಗಿದೆ? ಮಗುವನ್ನು ಹೊರಗೆ ಕರೆದುಕೊಂಡು ಹೋಗುವವರು ಯಾರು? ಬಣ್ಣ, ಕಂಪನಿ, ಬೆಲೆ ಎಲ್ಲ ಆಮೇಲಿನ ಮಾತು.

ನಮ್ಮ ಮನೆ ಬೆಂಗಳೂರಿನ ಹನುಮಂತನಗರದಲ್ಲಿ. ಮೊದಲನೇ ಮಹಡಿ, ಲಿಫ್ಟ್ ಇಲ್ಲ, ಇಕ್ಕಟ್ಟಿನ ಮೆಟ್ಟಿಲು, ಕೆಳಗಿಳಿದರೆ ಏರು ತಗ್ಗಿನ ರಸ್ತೆ. ಮಗಳಿಗೆ ಈಗ ಎರಡು ವರ್ಷ ದಾಟಿದೆ. ರಿಂಗ್ ಸ್ಲಿಂಗ್ ನಾನೇ ಹೆರಿಗೆಗೆ ಮುಂಚೆ ತರಿಸಿದ್ದು. ಪ್ರಾಮ್ ನಾಮಕರಣಕ್ಕೆ ಭಾವನವರ ಮನೆಯಿಂದ ಉಡುಗೊರೆ ಬಂದಿದ್ದು. ನಮ್ಮಂಥ ಮನೆಗೆ ಮೊದಲ ಆರು ತಿಂಗಳು ಸ್ಲಿಂಗೇ ಸರಿ, ಪ್ರಾಮ್‌ಗೆ ಅವಸರವೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಂಪನಿ ಹೆಸರು ಬರೆಯುತ್ತಿಲ್ಲ. ಇಲ್ಲಿ ಮುಖ್ಯ ಆಗುವುದು ಮಾದರಿ.

ರಿಂಗ್ ಸ್ಲಿಂಗ್ ಅಂದರೆ ಸುಮಾರು ಎರಡು ಮೀಟರ್ ಬಟ್ಟೆ, ಒಂದು ತುದಿಯಲ್ಲಿ ಎರಡು ಬಳೆ. ಬಟ್ಟೆಯನ್ನು ಎರಡೂ ಬಳೆಯೊಳಗೆ ತೂರಿಸಿ, ಒಂದರ ಮೇಲಿಂದ ವಾಪಸ್ ಎಳೆದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಭಾರ ಒಂದೇ ಭುಜದ ಮೇಲೆ. ಇದಲ್ಲದೆ ಐದು ಮೀಟರ್ ಉದ್ದದ, ಟೀ ಶರ್ಟ್ ಬಟ್ಟೆಯಂತೆ ಹಿಗ್ಗುವ ರ‍್ಯಾಪ್ ಸಿಗುತ್ತದೆ. ಅದು ಮೆತ್ತಗಿದೆ, ಆದರೆ ರಸ್ತೆಯಲ್ಲಿ ನಿಂತು ಕಟ್ಟಲು ಹೋದರೆ ಅರ್ಧ ಬಟ್ಟೆ ನೆಲ ಗುಡಿಸುತ್ತದೆ. ಏಪ್ರಿಲ್‌ನಲ್ಲಿ ಅಷ್ಟೊಂದು ಸುತ್ತು ಸುತ್ತಿಕೊಂಡರೆ ತಾಯಿ ಮಗು ಇಬ್ಬರೂ ಬೆವರಿ ಒದ್ದೆ. ಮೂರನೆಯದು ಸೊಂಟಕ್ಕೆ ಪಟ್ಟಿ, ಬೆನ್ನಿಗೆ ಬಕಲ್ ಇರುವ ಕ್ಯಾರಿಯರ್. ಅದನ್ನು ಕೊಳ್ಳುವಾಗ ಕನಿಷ್ಠ ತೂಕ ಎಷ್ಟು ಅಂತ ಲೇಬಲ್ ನೋಡಿ. ಕೆಲವು ಹೊಸ ಮಗುವಿಗೆ ಆಗುವುದಿಲ್ಲ.

ನನಗೆ ಸಿಸೇರಿಯನ್ ಆಗಿತ್ತು. ಡಾಕ್ಟರ್ ಒಪ್ಪಿಗೆ ಕೊಡುವ ತನಕ ನಾನು ಸ್ಲಿಂಗ್ ಮುಟ್ಟಲಿಲ್ಲ, ನನ್ನ ಗಂಡನೇ ಕಟ್ಟಿಕೊಳ್ಳುತ್ತಿದ್ದ. ಬಾಣಂತನಕ್ಕೆ ಬಂದಿದ್ದ ಅಮ್ಮನಿಗೆ ಅದು ವಿಚಿತ್ರವಾಗಿ ಕಂಡಿತು. ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹಿಡಿದು, ತೊಟ್ಟಿಲಲ್ಲಿ ಮಲಗಿಸುವುದು ಅವಳ ಕ್ರಮ. ಬೆಳಗ್ಗೆ ಅದು ಚೆನ್ನಾಗೇ ನಡೆಯುತ್ತಿತ್ತು. ಸಂಜೆ ಮಾತ್ರ ತೊಟ್ಟಿಲೂ ಇಲ್ಲ, ಲಾಲಿಯೂ ಇಲ್ಲ, ಬರೀ ಅಳು. ಗಂಡ ಸ್ಲಿಂಗ್‌ನಲ್ಲಿ ಹಾಕಿಕೊಂಡು ಹಾಲ್‌ನಲ್ಲಿ ಅತ್ತಿತ್ತ ನಡೆದರೆ ಮಲಗುತ್ತಿದ್ದಳು. 1986ರಲ್ಲಿ ಮಾಂಟ್ರಿಯಲ್‌ನಲ್ಲಿ ನಡೆದ ಒಂದು ಅಧ್ಯಯನದಲ್ಲಿ, ದಿನವೂ ಹೆಚ್ಚು ಹೊತ್ತು ಎತ್ತಿಕೊಂಡ ಮಕ್ಕಳು ಆರು ವಾರದ ವಯಸ್ಸಿನಲ್ಲಿ ಉಳಿದ ಮಕ್ಕಳಿಗಿಂತ ಶೇಕಡಾ 43ರಷ್ಟು ಕಡಿಮೆ ಅತ್ತಿದ್ದವು. ಎತ್ತಿಕೊಂಡರೆ ಸಾಕು, ಅದಕ್ಕೆ ಸ್ಲಿಂಗೇ ಬೇಕು ಅಂತಿಲ್ಲ. ಆದರೆ ಸ್ಲಿಂಗ್ ಇದ್ದರೆ ಒಂದು ಕೈಯಾದರೂ ಖಾಲಿ ಇರುತ್ತದೆ, ಕಾಫಿ ಲೋಟ ಹಿಡಿಯಬಹುದು.

ಹೊರಗೆ ಹೊರಟರೆ ಬೇರೆ ಕಥೆ. ಗಾಂಧಿ ಬಜಾರ್‌ನಲ್ಲಿ ಹೂವಿನವರು, ಆಟೋದವರು, ದೇವಸ್ಥಾನದ ಮುಂದೆ ಕೂತ ಅಜ್ಜಿಯರು, ಎಲ್ಲರದೂ ಒಂದೇ ಪ್ರಶ್ನೆ: "ಅಮ್ಮಾ, ಮಗೂಗೆ ಉಸಿರು ಕಟ್ಟಲ್ವಾ?" ನಮ್ಮ ಅತ್ತೆಯವರ ಆಕ್ಷೇಪ ಇನ್ನೊಂದು. "ಗಾರೆ ಕೆಲಸದವರ ಹಾಗೆ ಬಟ್ಟೇಲಿ ಕಟ್ಟಿಕೊಂಡು ಹೋಗ್ತೀಯಲ್ಲ, ನೋಡಿದವರು ಏನಂತಾರೆ?" ಎರಡನೆಯದಕ್ಕೆ ನಾನು ಉತ್ತರ ಕೊಡಲಿಲ್ಲ, ಕೊಡುವ ಅಗತ್ಯವೂ ಕಾಣಲಿಲ್ಲ. ಗಾರೆ ಕೆಲಸದ ಹೆಂಗಸರಿಗೆ ಎರಡೂ ಕೈ ಬೇಕು, ನನಗೂ ಬೇಕು.

ಮೊದಲನೆಯದು ಮಾತ್ರ ಸರಿಯಾದ ಪ್ರಶ್ನೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2010ರ ಮಾರ್ಚ್‌ನಲ್ಲಿ ಸ್ಲಿಂಗ್ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಅದಕ್ಕೆ ಹಿಂದಿನ ಇಪ್ಪತ್ತು ವರ್ಷಗಳಲ್ಲಿ ಕನಿಷ್ಠ 14 ಸಾವು, ಅದರಲ್ಲಿ 12 ನಾಲ್ಕು ತಿಂಗಳೊಳಗಿನ ಮಕ್ಕಳದು. ಆ ವಯಸ್ಸಿನಲ್ಲಿ ಕುತ್ತಿಗೆ ನಿಂತಿರುವುದಿಲ್ಲ. ಮಗು ಮುದುಡಿ ಗದ್ದ ತನ್ನ ಎದೆಗೇ ಒತ್ತಿಕೊಂಡರೆ ಉಸಿರಿನ ದಾರಿ ಮುಚ್ಚುತ್ತದೆ. ಮೂಗು ಬಾಯಿ ಬಟ್ಟೆಗೆ ಒತ್ತಿಕೊಂಡರೂ ಅಷ್ಟೇ. ಮಗು ಅಳುವುದೂ ಇಲ್ಲ, ಸದ್ದೇ ಬರುವುದಿಲ್ಲ. ಆದ್ದರಿಂದ ಜೋಳಿಗೆ ಥರ ಇಳಿಬಿದ್ದು ಮಗು ಒಳಗೆ ಅಡ್ಡ ಮಲಗುವಂಥ ಬ್ಯಾಗ್ ಸ್ಲಿಂಗ್ ಯಾರಾದರೂ ಕೊಟ್ಟರೂ ಬೇಡ ಅನ್ನಿ. ಅವಧಿಗೆ ಮುಂಚೆ ಹುಟ್ಟಿದ ಮಗು, ತೂಕ ಕಡಿಮೆ ಇರುವ ಮಗು, ಉಸಿರಾಟದ ತೊಂದರೆ ಇರುವ ಮಗು, ನೆಗಡಿ ಆಗಿ ಮೂಗು ಕಟ್ಟಿದ ಮಗು ಇದ್ದರೆ ಡಾಕ್ಟರ್‌ನ ಕೇಳದೆ ಸ್ಲಿಂಗ್ ಬೇಡವೇ ಬೇಡ.

ಸರಿಯಾಗಿ ಹಾಕುವುದು ಅಂದರೆ ಮಗು ನೆಟ್ಟಗೆ, ಹೊಟ್ಟೆ ನಿಮ್ಮ ಎದೆಗೆ ತಾಗಿ ಇರಬೇಕು. ತಲೆ ಬಗ್ಗಿಸಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಮೇಲಿರಬೇಕು. ಮುಖ ಯಾವಾಗಲೂ ಕಾಣಬೇಕು. ಗದ್ದದ ಕೆಳಗೆ ಒಂದು ಬೆರಳು ಹೋಗುವಷ್ಟು ಜಾಗ ಬೇಕು. ಬಟ್ಟೆ ಬಿಗಿಯಾಗಿ ಬೆನ್ನು ಹಿಡಿದಿರಬೇಕು. ಸಡಿಲ ಬಿಟ್ಟರೆ ಮಗುವಿಗೆ ಆರಾಮ ಅನ್ನುವುದು ತಪ್ಪು ಲೆಕ್ಕ, ಸಡಿಲ ಆದರೇನೇ ಮಗು ಕುಸಿಯುವುದು. ಕಾಲು ಜೋತುಬೀಳಬಾರದು. ಕಪ್ಪೆ ಕೂತ ಹಾಗೆ ತೊಡೆ ಅಗಲಿಸಿ, ಮಂಡಿ ಕುಂಡಿಗಿಂತ ಸ್ವಲ್ಪ ಮೇಲೆ ಬರಬೇಕು. ಸೊಂಟದ ಕೀಲು ಸರಿಯಾಗಿ ಬೆಳೆಯಲು ಅದೇ ಒಳ್ಳೆಯ ಭಂಗಿ. ಬಳೆಗಳು ಭುಜದ ಮೂಳೆ ಮೇಲೆ ಅಲ್ಲ, ಕೊರಳ ಮೂಳೆಯ ಕೆಳಗೆ ಕೂರಬೇಕು. ಇದನ್ನು ವಿಡಿಯೋ ನೋಡಿ ಕಲಿತೆವು. ಮೊದಲು ಕನ್ನಡಿ ಮುಂದೆ, ಮಂಚದ ಪಕ್ಕ ನಿಂತು, ದಿಂಬು ಹಾಕಿ ಅಭ್ಯಾಸ. ಹಾಲು ಕುಡಿಸುವಾಗ ಕೆಳಗೆ ಇಳಿಸಿದರೆ, ಕುಡಿಸಿದ ಮೇಲೆ ಮತ್ತೆ ಮೇಲಕ್ಕೆ ತಂದು ನೆಟ್ಟಗೆ ಮಾಡಬೇಕು. ಒಲೆ ಮುಂದೆ ಸ್ಲಿಂಗ್ ಹಾಕಿಕೊಂಡು ನಿಲ್ಲಬೇಡಿ. ಒಗ್ಗರಣೆಯಲ್ಲಿ ಸಾಸಿವೆ ಎಲ್ಲಿಗೆ ಸಿಡಿಯುತ್ತದೆ ಅಂತ ಗೊತ್ತಲ್ವಾ.

ಸ್ಕೂಟರ್ ವಿಷಯ ಬೆಂಗಳೂರಿನವರಿಗೆ ಬೇರೆಯಾಗೇ ಹೇಳಬೇಕು. ಹಿಂದಿನ ಸೀಟಿನಲ್ಲಿ ತಾಯಿ, ಎದೆಗೆ ಕ್ಯಾರಿಯರ್‌ನಲ್ಲಿ ಹಸುಗೂಸು, ಇದನ್ನು ದಿನಾ ನೋಡುತ್ತೇವೆ. ಸ್ಲಿಂಗ್ ನಡೆಯುವವರಿಗೆ ಮಾಡಿದ್ದು. 2022ರಲ್ಲಿ ಬಂದ ಕೇಂದ್ರದ ನಿಯಮದಲ್ಲಿ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳನ್ನು ದ್ವಿಚಕ್ರದಲ್ಲಿ ಕೂರಿಸಿದರೆ ಸೇಫ್ಟಿ ಹಾರ್ನೆಸ್ (ಮಗುವನ್ನು ಸವಾರರಿಗೆ ಸೇರಿಸಿ ಕಟ್ಟುವ ಪಟ್ಟಿ), ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮಿತಿ ಇದೆ. ಸ್ಲಿಂಗ್ ಆ ಹಾರ್ನೆಸ್ ಅಲ್ಲ. ಕಾರಿನಲ್ಲೂ ಮಗು ಸ್ಲಿಂಗ್‌ನಲ್ಲಿ ಇದ್ದರೆ ಸೀಟ್ ಬೆಲ್ಟ್ ಕೆಲಸ ಆಗುವುದಿಲ್ಲ, ಕಾರ್ ಸೀಟೇ ಬೇಕು.

ಈಗ ಪ್ರಾಮ್. ಅಂಗಡಿಯವರು ಪ್ರಾಮ್, ಸ್ಟ್ರಾಲರ್ ಯಾವ ಹೆಸರು ಹೇಳಿದರೂ ಸರಿ, ಹೊಸ ಮಗುವಿಗಾದರೆ ಬೆನ್ನು ಪೂರ್ತಿ ಹಿಂದಕ್ಕೆ ಹೋಗಿ ಮಟ್ಟಸವಾಗಿ ಮಲಗಬೇಕು. ಮುಕ್ಕಾಲು ಭಾಗ ಮಾತ್ರ ಹಿಂದೆ ಹೋಗುವ ಹಗುರ ಗಾಡಿಗಳು ಕೂರಲು ಬರುವ ಮಗುವಿಗೆ. ನಮ್ಮದು ಪೂರ್ತಿ ಮಲಗುತ್ತದೆ, ಐದು ಕಡೆ ಹಿಡಿಯುವ ಬೆಲ್ಟ್ ಇದೆ. ತೂಕ ಸುಮಾರು ಎಂಟು ಕೆಜಿ. ಆ ಎಂಟು ಕೆಜಿ, ಮೇಲೆ ಮಗು, ಮೇಲೆ ಡಯಪರ್ ಬ್ಯಾಗ್, ನಮ್ಮ ಮೆಟ್ಟಿಲು! ಒಬ್ಬರೇ ಇದ್ದರೆ ಆಗುವ ಮಾತಲ್ಲ. ಪ್ರಾಮ್ ಕೆಳಗೆ ಬಿಟ್ಟು ಮಗು ತರಲು ಮೇಲೆ ಹೋಗಬೇಕೋ, ಮಗುವನ್ನು ಮೇಲೆ ಬಿಟ್ಟು ಪ್ರಾಮ್ ಇಳಿಸಬೇಕೋ?

ಇಳಿಸಿದ್ದಾಯಿತು ಅನ್ನಿ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್‌ನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಚಿನ ಕಲ್ಲು 150 ಮಿಲಿಮೀಟರ್ ಮೀರಬಾರದು. ನಮ್ಮ ಏರಿಯಾದಲ್ಲಿ ಮಂಡಿಯೆತ್ತರದ ಅಂಚು, ಅಲುಗಾಡುವ ಚಪ್ಪಡಿ, ಮಧ್ಯೆ ಟ್ರಾನ್ಸ್‌ಫಾರ್ಮರ್, ಆಮೇಲೆ ಯಾರದೋ ಬೈಕು. ಬೈಕ್ ಹತ್ತಬಾರದು ಅಂತ ನೆಟ್ಟ ಕಂಬಗಳ ನಡುವೆ ಬೈಕ್ ಹೇಗೋ ನುಗ್ಗುತ್ತದೆ, ಪ್ರಾಮ್ ನುಗ್ಗುವುದಿಲ್ಲ. ಕೊನೆಗೆ ರಸ್ತೆಗೇ ಇಳಿಯಬೇಕು. ರಸ್ತೆಯಲ್ಲಿ ಪ್ರಾಮ್‌ನೊಳಗಿನ ಮಗು ಸರಿಯಾಗಿ ಸೈಲೆನ್ಸರ್ ಮಟ್ಟಕ್ಕೆ ಬರುತ್ತದೆ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದವರು 2018ರಲ್ಲಿ ಹೇಳಿದ್ದು ಇದನ್ನೇ. ಪ್ರಾಮ್‌ನಲ್ಲಿ ಮಗು ಇರುವುದು ನೆಲದಿಂದ 0.55ರಿಂದ 0.85 ಮೀಟರ್ ಎತ್ತರದಲ್ಲಿ, ದೊಡ್ಡವರಿಗಿಂತ ಶೇಕಡಾ 60ರವರೆಗೆ ಜಾಸ್ತಿ ಮಾಲಿನ್ಯ ಅದಕ್ಕೆ ತಾಗಬಹುದು. ಸೊಳ್ಳೆ, ಧೂಳು, ಬಿಸಿಲು ಅಂತ ಮೇಲೊಂದು ಬಟ್ಟೆ ಹೊದಿಸುವವರೂ ಇದ್ದಾರೆ. ಗಾಳಿಯಾಡದೆ ಒಳಗೆ ಬೇಗ ಶಾಖ ಏರುತ್ತದೆ, ಹಾಗೆ ಮಾಡಬೇಡಿ.

ಆಟೋದಲ್ಲಿ ಮಡಚಿ ಸೀಟಿನ ಹಿಂದೆ ತುರುಕಬಹುದು, ಡ್ರೈವರ್ ಮನಸ್ಸು ಚೆನ್ನಾಗಿದ್ದರೆ. ಕ್ಯಾಬ್ ಇನ್ನೂ ಕಷ್ಟ. ಎಷ್ಟೋ ಕ್ಯಾಬ್‌ಗಳ ಡಿಕ್ಕಿ ತುಂಬ ಸಿಎನ್‌ಜಿ ಸಿಲಿಂಡರ್. ಮೆಟ್ರೋ ಮಾತ್ರ ವಾಸಿ. ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಲಿಫ್ಟ್ ಇದೆ, ವೀಲ್‌ಚೇರ್‌ಗೆ ಇರುವ ಅಗಲದ ಗೇಟನ್ನು ಸಿಬ್ಬಂದಿಯೇ ತೆರೆದುಕೊಡುತ್ತಾರೆ. ಒಂದು ಸ್ಟೇಷನ್ ಆದರೆ ಲಾಲ್‌ಬಾಗ್.

ಲಾಲ್‌ಬಾಗ್‌ನಲ್ಲಿ ಪ್ರಾಮ್‌ಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಒಳಗಿನ ಟಾರು ದಾರಿ ಅಗಲ, ವಾಹನಗಳ ಕಾಟ ಇಲ್ಲ, ಮೇಲೆ ಮರದ ನೆರಳು. ಮಗಳಿಗೆ ಕೂರಲು ಬಂದ ಮೇಲೆ, ಅಂದರೆ ಏಳು ತಿಂಗಳ ಹೊತ್ತಿಗೆ, ಆಟ ಪೂರ್ತಿ ಬದಲಾಯಿತು. ಅವಳ ತೂಕ ಏರಿತು, ಒಂದೇ ಭುಜದ ರಿಂಗ್ ಸ್ಲಿಂಗ್‌ನಲ್ಲಿ ಅರ್ಧ ಗಂಟೆಗೆ ನನ್ನ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಅವಳಿಗೂ ಎದೆಗೆ ಮುಖ ಮಾಡಿ ಇರುವುದು ಬೇಡ, ಅಳಿಲು ನೋಡಬೇಕು. ಕಬ್ಬನ್ ಪಾರ್ಕ್‌ನಲ್ಲಿ ಭಾನುವಾರ ವಾಹನ ಬಿಡುವುದಿಲ್ಲ, ಅಲ್ಲೂ ಪ್ರಾಮ್ ಸಲೀಸು. ಚರ್ಚ್ ಸ್ಟ್ರೀಟ್ ಫೋಟೋದಲ್ಲಿ ಚೆಂದ, ಆದರೆ ಆ ಕಲ್ಲು ಹಾಸಿನ ಮೇಲೆ ಚಿಕ್ಕ ಪ್ಲಾಸ್ಟಿಕ್ ಚಕ್ರ ಗಡಗಡ ಅಂದು ಮಗು ಎದ್ದು ಕೂತಳು. ಪ್ರಾಮ್ ಕೊಳ್ಳುವವರು ಲೋಟದ ಹೋಲ್ಡರ್ ನೋಡುವ ಬದಲು ಚಕ್ರದ ದಪ್ಪ ನೋಡಿ.

ಇನ್ನು ಮದುವೆ ಛತ್ರ. ಪ್ರಾಮ್ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಅಲ್ಲಿ. ಊಟದ ಪಂಕ್ತಿಯಲ್ಲಿ ಎಲೆಯ ಪಕ್ಕ ಮಗು ಮಲಗಿರುತ್ತದೆ, ಇಬ್ಬರೂ ಒಟ್ಟಿಗೆ ಕೂತು ಹೋಳಿಗೆ ತಿನ್ನಬಹುದು. ಮನೆಯಲ್ಲಿ ಅದೇ ಗಾಡಿ ರಾಗಿ ಮಣ್ಣಿ ತಿನ್ನಿಸುವ ಕುರ್ಚಿಯೂ ಆಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಅತ್ತೆಯವರಿಗೆ ಮಂಡಿನೋವು. ಅವರು ಸ್ಲಿಂಗ್ ಯಾವತ್ತೂ ಹಾಕಲಿಲ್ಲ, ಹಾಕುವುದೂ ಇಲ್ಲ. ನಾದಿನಿಯ ಅಪಾರ್ಟ್‌ಮೆಂಟ್ ಕನಕಪುರ ರೋಡ್‌ನಲ್ಲಿ, ಲಿಫ್ಟ್ ಇದೆ, ಕೆಳಗೆ ಸುತ್ತ ನಡೆಯಲು ದಾರಿ ಇದೆ. ಅಲ್ಲಿಗೆ ಹೋದಾಗ ಸಂಜೆ ಅತ್ತೆಯವರು ಪ್ರಾಮ್ ತಳ್ಳಿಕೊಂಡು ಮೊಮ್ಮಗಳ ಜೊತೆ ಹೊರಟರೆ ಗೆಳತಿಯರ ಗುಂಪೆಲ್ಲ ಮಾತಾಡಿಸಿ ಬರುವ ತನಕ ವಾಪಸ್ ಇಲ್ಲ. ಅದೇ ಅಪಾರ್ಟ್‌ಮೆಂಟ್‌ನಲ್ಲಿ ನಾವಿದ್ದಿದ್ದರೆ, ಮಗುವನ್ನು ಹಗಲು ಅಜ್ಜಿಯೇ ನೋಡಿಕೊಳ್ಳುವ ಹಾಗಿದ್ದರೆ, ನಾನೇ ಮೊದಲು ಪ್ರಾಮ್ ತನ್ನಿ ಅನ್ನುತ್ತಿದ್ದೆ.

ಬಾಳಿಕೆ ಬಗ್ಗೆ ಹೇಳುವುದಾದರೆ, ಸ್ಲಿಂಗ್ ಮೆಷಿನ್‌ನಲ್ಲಿ ಒಗೆದು ಒಗೆದು ಮೆತ್ತಗಾಗಿದೆ, ಹೊಲಿಗೆ ಬಿಟ್ಟಿಲ್ಲ. ಪ್ರಾಮ್‌ನ ಮುಂದಿನ ಎಡ ಚಕ್ರದ ಲಾಕ್ ವರ್ಷದೊಳಗೆ ಸಡಿಲವಾಯಿತು. ಕಂಪನಿಯ ಕಸ್ಟಮರ್ ಕೇರ್‌ನವರು ಫೋಟೋ ಕಳಿಸಿ, ವಿಡಿಯೋ ಕಳಿಸಿ, ಬಿಲ್ ಕಳಿಸಿ ಅಂದರು. ಉಡುಗೊರೆ ಬಂದದ್ದರ ಬಿಲ್ ಕೇಳಲು ಭಾವನವರಿಗೆ ಫೋನ್ ಮಾಡುವುದು ಹೇಗೆ? ಸೈಕಲ್ ಅಂಗಡಿಯವರು ವಾಷರ್ ಹಾಕಿ ಸರಿ ಮಾಡಿಕೊಟ್ಟರು. ಹಿಡಿಕೆಗೆ ತರಕಾರಿ ಚೀಲ ನೇತುಹಾಕುವ ಅಭ್ಯಾಸ ಮಾತ್ರ ಬೇಡ. ಮಗುವನ್ನು ಎತ್ತಿಕೊಂಡ ತಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ. ಕೆಳಗಿನ ಬುಟ್ಟಿಯಲ್ಲಿ ಇಡಿ.

ನಾವು ಕೊಂಡಾಗ ಒಳ್ಳೆಯ ರಿಂಗ್ ಸ್ಲಿಂಗ್ ಎರಡೂವರೆ ಸಾವಿರದ ಆಸುಪಾಸು ಇತ್ತು, ಪೂರ್ತಿ ಮಲಗುವ ಪ್ರಾಮ್ ಅದರ ಮೂರು ಪಟ್ಟಿಗಿಂತ ಜಾಸ್ತಿ. ಪ್ರಾಮ್ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆಗೂ ಸಿಗುತ್ತದೆ. ಮೊದಲು ಬಾಡಿಗೆಗೆ ತಂದು ನಿಮ್ಮ ಬೀದಿಯಲ್ಲೇ ಒಂದು ಸುತ್ತು ತಳ್ಳಿ ನೋಡಿ. ಸೆಕೆಂಡ್ ಹ್ಯಾಂಡ್ ತರುವುದಾದರೆ ಬ್ರೇಕ್, ಬೆಲ್ಟಿನ ಕ್ಲಿಪ್, ಮಡಚುವ ಲಾಕ್ ಮೂರನ್ನೂ ಅಲ್ಲೇ ನಿಂತು ಪರೀಕ್ಷಿಸಿ. ಸ್ಲಿಂಗ್ ಆದರೆ ಬಳೆಯಲ್ಲಿ ಬೆಸುಗೆಯ ಗುರುತು ಇದೆಯಾ, ಬಿರುಕು ಇದೆಯಾ ಅಂತ ಬೆರಳಾಡಿಸಿ ನೋಡಿ, ಬಳೆ ಹಿಡಿದ ಹೊಲಿಗೆಯನ್ನು ಜೋರಾಗಿ ಎಳೆದು ನೋಡಿ.