ಸುರುಳಿ ಕ್ಯಾನ್ವಾಸನ್ನು ಫ್ರೇಮ್ ಅಂಗಡಿಗೆ ಕೊಡುವ ಮುಂಚೆ ಇದನ್ನು ಓದಿ

ಚಿತ್ರಸಂತೆಯಲ್ಲಿ ಕೊಂಡ ಕ್ಯಾನ್ವಾಸ್ ಸುರುಳಿ ಬೀರುವಿನ ಮೇಲೆ ಕೂತಿದೆಯಾ? ಫ್ರೇಮ್ ಹಾಕಿಸುವ ಮುಂಚೆ ನನ್ನ ಚಿತ್ರಕ್ಕೆ ಏನಾಯ್ತು ಅಂತ ಕೇಳಿ.

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಜನವರಿಯಲ್ಲಿ ಚಿತ್ರಸಂತೆ ನಡೆಯುತ್ತಲ್ಲ, ಅಲ್ಲೇ ಕೊಂಡಿದ್ದು. ಅಕ್ರಿಲಿಕ್ ಬಣ್ಣ, ಸುತ್ತಲೂ ಎರಡು ಇಂಚು ಬಿಳಿ ಅಂಚು. "ಈ ಅಂಚು ಕತ್ತರಿಸಬೇಡಿ, ಸ್ಟ್ರೆಚರ್‌ಗೆ, ಅಂದ್ರೆ ಹಿಂದಿನ ಮರದ ಚೌಕಟ್ಟಿಗೆ, ಎಳೆದು ಕಟ್ಟೋಕೆ ಬೇಕು" ಎಂದು ಕಲಾವಿದರು ಹೇಳಿದ್ದರು. ಅದನ್ನೇ ಅಂಗಡಿಯವನಿಗೂ ಹೇಳಿದೆ. "ಬಿಡಿ ಮೇಡಂ, ದಿನಾ ಮಾಡೋ ಕೆಲಸ" ಎಂದ.

ಮಾಡಿದ್ದೇನು ಗೊತ್ತಾ? ಅಂಚನ್ನು ಪೂರ್ತಿ ಕತ್ತರಿಸಿ, ಪ್ಲೈವುಡ್ಡಿಗೆ ಬಡಗಿಗಳು ಬಳಸುವ ಬಿಳಿ ಗೋಂದು ಬಳಿದು, ಕ್ಯಾನ್ವಾಸನ್ನು ಅದಕ್ಕೆ ಅಂಟಿಸಿ, ಮೇಲೆ ಗಾಜು ಒತ್ತಿ ಕೂರಿಸಿದ್ದ. ಕಲಾವಿದರ ಸಹಿಯ ಕೊನೆಯ ಅಕ್ಷರಗಳು ಫ್ರೇಮಿನ ಕಟ್ಟಿಗೆಯ ಅಡಿಗೆ ಹೋಗಿದ್ದವು. ಕೇಳಿದರೆ, "ಎಲ್ಲಾ ಫೋಟೋಗೂ ಹೀಗೇ ಮೇಡಂ" ಅಂದ. ಫೋಟೋ ಅಂತೆ!

ಮಳೆಗಾಲ ಬಂತು ನೋಡಿ, ಅಲ್ಲಲ್ಲಿ ಗುಳ್ಳೆ ಎದ್ದವು. ಆ ಗೋಂದಿನಲ್ಲಿ ನೀರಿರುತ್ತದೆ. ಹತ್ತಿ ಬಟ್ಟೆ ಅದನ್ನು ಕುಡಿದು ಹಿಗ್ಗುತ್ತದೆ, ಒಣಗುವಾಗ ಒಂದೇ ಸಮ ಒಣಗುವುದಿಲ್ಲ. ಆಮೇಲೆ ತೇವಕ್ಕೆ ಪ್ಲೈವುಡ್ ಒಂದು ಥರ ಆಡುತ್ತದೆ, ಬಟ್ಟೆ ಇನ್ನೊಂದು ಥರ. ಸರಿಪಡಿಸೋಣ ಎಂದು ಗಾಜು ತೆಗೆಸಿದಾಗ ಇನ್ನೊಂದು ಆಘಾತ. ದಪ್ಪಗೆ ಹಚ್ಚಿದ್ದ ಕೆಂಪು ಬಣ್ಣ ಪದರಪದರವಾಗಿ ಗಾಜಿನ ಜೊತೆಗೇ ಬಂತು. ಆ ಜಾಗದಲ್ಲಿ ಈಗ ಬಣ್ಣದ ಅಡಿಗೆ ಹಚ್ಚುವ ಬಿಳಿ ಪ್ರೈಮರ್ ಕಾಣುತ್ತದೆ. ಅಕ್ರಿಲಿಕ್ ಒಣಗಿದ ಮೇಲೂ ಸೆಕೆಗೆ ಮೆತ್ತಗಾಗುತ್ತದೆ, ತಾಗಿದ್ದಕ್ಕೆ ಅಂಟಿಕೊಳ್ಳುತ್ತದೆ.

ಹಾಗಾಗಿ ಬಾಯಿಮಾತು ಬೇಡ. ಅಂಟಿಸಬಾರದು, ಅಂಚು ಕತ್ತರಿಸಬಾರದು, ಗಾಜು ತಾಗಬಾರದು ಅಂತ ರಸೀದಿಯ ಮೇಲೇ ಬರೆಸಿಕೊಳ್ಳಿ. ಕೊಡುವ ಮುಂಚೆ ನಾಲ್ಕೂ ಮೂಲೆಯ ಫೋಟೋ ತೆಗೆದಿಡಿ. "ಸ್ಟ್ರೆಚರ್ ಹಾಕ್ತೀರಾ?" ಎಂದು ಕೇಳಿ. ಮುಖ ಮುಖ ನೋಡಿದರೆ ಸುಮ್ನೆ ವಾಪಸ್ ಬನ್ನಿ.

ಸ್ಟ್ರೆಚರ್‌ನ ಒಳ ಅಂಚು ಇಳಿಜಾರಾಗಿರಬೇಕು, ಇಲ್ಲದಿದ್ದರೆ ಕಟ್ಟಿಗೆಯ ಗೆರೆ ಚಿತ್ರದ ಮೇಲೆ ಮೂಡುತ್ತದೆ. ಪಿನ್ ಹೊಡೆಯುವುದು ಹಿಂಬದಿಗೆ: ಮೊದಲು ಒಂದು ಬದಿಯ ಮಧ್ಯಕ್ಕೆ, ನಂತರ ಎದುರು ಬದಿಯ ಮಧ್ಯಕ್ಕೆ, ಹೀಗೇ ಮೂಲೆಗಳ ಕಡೆಗೆ. ಒಂದು ಮೂಲೆಯಿಂದ ಶುರುಮಾಡಿದರೆ ಸುಕ್ಕು ಗ್ಯಾರಂಟಿ. ಮೂಲೆಗಳಲ್ಲಿ ಮರದ ಬೆಣೆ ಇದ್ದರೆ ಇನ್ನೂ ಒಳ್ಳೆಯದು. ಮುಂದೆ ಬಟ್ಟೆ ಸಡಿಲವಾದರೆ ಬೆಣೆಯನ್ನು ಮೆಲ್ಲಗೆ ತಟ್ಟಿ ಬಿಗಿಮಾಡಬಹುದು. ಬಣ್ಣ ಅಂಚಿನವರೆಗೂ ಇದ್ದರೆ ಎಳೆಯಲು ಹೋಗಬೇಡಿ, ಸುತ್ತ ಬೇರೆ ಬಟ್ಟೆಯ ಪಟ್ಟಿ ಜೋಡಿಸಬೇಕಾಗುತ್ತದೆ. ಅದು ಕಲಾಕೃತಿಗಳ ರಿಪೇರಿ ಗೊತ್ತಿದ್ದವರ ಕೆಲಸ. ಗಾಜು ಬೇಕೇ ಬೇಕೆಂದರೆ ಅದು ಚಿತ್ರಕ್ಕೆ ತಾಗದಂತೆ ನಡುವೆ ಸ್ಪೇಸರ್ ಪಟ್ಟಿ ಹಾಕಿಸಿ.

ನನ್ನದನ್ನು ಈಗ ಬಿಡಿಸಬೇಕೆಂದರೆ ಹಿಂದಿನಿಂದ ಪ್ಲೈವುಡ್ಡನ್ನೇ ಪದರಪದರವಾಗಿ ಕೆತ್ತಿ ತೆಗೆಯಬೇಕಂತೆ. ಚಿತ್ರ ಕೊಂಡಿದ್ದಕ್ಕಿಂತ ಅದಕ್ಕೇ ಜಾಸ್ತಿ ಖರ್ಚು. ಅಂಗಡಿಯವನು ವಾಪಸ್ ಕೊಟ್ಟಿದ್ದು ಗಾಜಿನ ದುಡ್ಡು ಮಾತ್ರ.